ಓಟದ ಪಥ ಮತ್ತು ಊರ ರಸ್ತೆ: ಅಗ್ಗದ ಸ್ಪೋರ್ಟ್ಸ್ ಕಾರನ್ನು ಕುರಿತ ಒಂದು ಔಚಿತ್ಯವಿಚಾರ

ಪೀಠಿಕೆ

ಮನುಷ್ಯನು ನಿರ್ಮಿಸುವ ಪ್ರತಿಯೊಂದು ವಸ್ತುವಿಗೂ ಒಂದು ಪ್ರಯೋಜನವುಂಟು. ಆ ಪ್ರಯೋಜನಕ್ಕೆ ತಕ್ಕಂತೆ ಅದರ ರೂಪ, ಅದರ ತೂಕ, ಅದರ ಬೆಲೆ ನಿರ್ಣಯವಾಗುತ್ತವೆ. ಬೆಲ್ಲದ ಗಾಣಕ್ಕೆ ಹೂಡುವ ಎತ್ತು ಬೇರೆ, ಜಾತ್ರೆಯ ಓಟಕ್ಕೆ ಸಾಕುವ ಎತ್ತು ಬೇರೆ. ಆದರೆ ಒಂದೇ ಜೊತೆ ಎತ್ತನ್ನು ಕಟ್ಟಿಕೊಂಡಿರುವ ಸಣ್ಣ ಹಿಡುವಳಿಯ ರೈತನಿಗೆ ವರ್ಷವೆಲ್ಲ ಉಳುವುದಕ್ಕೂ ಅದೇ ಎತ್ತು ಬೇಕು, ಜಾತ್ರೆಯ ದಿನ ಓಡಿಸುವ ಆಸೆಯೂ ಅದೇ ಎತ್ತಿನ ಮೇಲೆ. ಇಂದಿನ ಮೋಟಾರು ಪ್ರಪಂಚದಲ್ಲಿ ಇಂಥದೇ ಒಂದು ಪ್ರಶ್ನೆ ಎದ್ದಿದೆ. ಸಾಧಾರಣ ಆದಾಯದವನೂ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರುಗಳು ಕಾರ್ಖಾನೆಯಿಂದ ಹೊರಬೀಳುವಾಗಲೇ ಓಟದ ಪಥಕ್ಕೆ ಸಂಪೂರ್ಣ ಸಿದ್ಧವಾಗಿರಬೇಕೇ, ಅಥವಾ ಊರ ರಸ್ತೆಗೆ ಒಪ್ಪುವಂತಿದ್ದು, ಮಿಕ್ಕ ಸಿದ್ಧತೆಯನ್ನು ಕೊಂಡವನ ಇಚ್ಛೆಗೆ ಬಿಡಬೇಕೇ ಎಂಬುದೇ ಆ ಪ್ರಶ್ನೆ.

ಕನ್ನಡ ಪಂಡಿತನಿಗೂ ಮೋಟಾರು ಯಂತ್ರಕ್ಕೂ ಏನು ನಂಟು ಎಂದು ವಾಚಕ ಮಹಾಶಯರು ಕೇಳಬಹುದು. ಈ ಶಾಲೆಯಲ್ಲಿ ಅಕ್ಷರ ಕಲಿತ ಹಲವರು ಇಂದು ಮೋಟಾರು ಕಾರ್ಖಾನೆಗಳಲ್ಲಿಯೂ ಯಂತ್ರವಿನ್ಯಾಸದ ಕಚೇರಿಗಳಲ್ಲಿಯೂ ಉದ್ಯೋಗದಲ್ಲಿದ್ದಾರೆ. ಅವರ ಬಾಯಿಂದ ಈ ವಿಷಯವನ್ನು ಕೇಳುತ್ತ ಬಂದಂತೆ, ಇದು ಕೇವಲ ಯಂತ್ರದ ಪ್ರಶ್ನೆಯಲ್ಲ, ಔಚಿತ್ಯದ ಪ್ರಶ್ನೆಯೂ ಹೌದೆಂದು ನನಗೆ ತೋರಿತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಪ್ರಾಣವೆಂದು ಸಾಧಿಸಿದವನು. ತನ್ನ ಸ್ಥಾನದಲ್ಲಿದ್ದರೆ ಮಾತ್ರ ಗುಣವು ಗುಣ. ಸ್ಥಾನ ತಪ್ಪಿದರೆ ಅದೇ ದೋಷ. ಈ ತತ್ತ್ವವು ಬ್ರೇಕಿಗೂ ಟಯರಿಗೂ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ಮುಂದೆ ಕಾಣಬಹುದು. ನಮ್ಮ ಶಾಸ್ತ್ರಗ್ರಂಥಗಳ ಕ್ರಮವನ್ನೇ ಅನುಸರಿಸಿ, ಮೊದಲು ಶಬ್ದಾರ್ಥ, ಬಳಿಕ ಪೂರ್ವಪಕ್ಷ, ಉತ್ತರಪಕ್ಷ, ಕೊನೆಗೆ ಸಿದ್ಧಾಂತ ಎಂದು ವಿಷಯವನ್ನು ವಿಂಗಡಿಸಿಕೊಂಡಿದ್ದೇನೆ.

ಶಬ್ದಾರ್ಥ ಮತ್ತು ಪೂರ್ವವೃತ್ತಾಂತ

ಸ್ಪೋರ್ಟ್ಸ್ ಕಾರು ಎಂದರೆ ವೇಗದ ಕಾರು ಎಂದಷ್ಟೇ ಜನ ತಿಳಿಯುತ್ತಾರೆ. ಅದು ಪೂರ್ಣಾರ್ಥವಲ್ಲ. ಓಡಿಸುವ ಕ್ರಿಯೆಯಲ್ಲಿಯೇ ಸಂತೋಷವನ್ನು ಕೊಡುವುದಕ್ಕಾಗಿ ಕಟ್ಟಿದ ಹಗುರವಾದ, ನೆಲಕ್ಕೆ ಹತ್ತಿರವಾದ, ಸಾಮಾನ್ಯವಾಗಿ ಇಬ್ಬರೇ ಕುಳಿತುಕೊಳ್ಳುವ ವಾಹನವೇ ಸ್ಪೋರ್ಟ್ಸ್ ಕಾರು. ಟ್ರ್ಯಾಕ್ ಎಂದು ಕರೆಯುವ ಓಟದ ಪಥವಾದರೋ ಸಾರ್ವಜನಿಕ ರಸ್ತೆಯಲ್ಲ. ಎದುರು ಬರುವ ವಾಹನವಿಲ್ಲದ, ದನಕರು, ಪಾದಚಾರಿಗಳಿಲ್ಲದ, ಮೇಲ್ವಿಚಾರಕರಿಂದ ಕೂಡಿದ, ತಪ್ಪಿದವನಿಗೆ ಹೊರಳಿ ನಿಲ್ಲಲು ಬಯಲುಳ್ಳ ಆವರಣ. ಆ ಆವರಣದಲ್ಲಿ ಪಂದ್ಯಗಳು ನಡೆಯುತ್ತವೆ. ಪಂದ್ಯವಿಲ್ಲದ ದಿನಗಳಲ್ಲಿ ಹಣ ತೆತ್ತು, ತಮ್ಮ ತಮ್ಮ ಕಾರುಗಳನ್ನೇ ತಂದು, ಇಪ್ಪತ್ತು ನಿಮಿಷ, ಅರ್ಧ ಗಂಟೆಯ ಸರದಿಗಳಲ್ಲಿ ಓಡಿಸಿ ಕಲಿಯುವ ಅಭ್ಯಾಸವೂ ಇದೆ. ನಮ್ಮ ಚರ್ಚೆ ಮುಖ್ಯವಾಗಿ ಈ ಎರಡನೆಯ ವರ್ಗದವರಿಗೆ ಸಂಬಂಧಿಸಿದ್ದು.

ರಸ್ತೆಯಲ್ಲಿಯೂ ಪಥದಲ್ಲಿಯೂ ಒಂದೇ ಕಾರು ಎಂಬ ಆಸೆ ಹೊಸದಲ್ಲ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಎಂಬ ಅತ್ಯಂತ ಹಗುರವಾದ ಕಾರನ್ನು ಹೊರತಂದನು. ಅದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿಯೇ ಜೋಡಿಸಿಕೊಂಡರೆ ಅಂದಿನ ಖರೀದಿ ತೆರಿಗೆಯಿಂದ ವಿನಾಯಿತಿ ದೊರೆಯುತ್ತಿತ್ತು. ಹೀಗಾಗಿ ಅಲ್ಪಧನದ ಯುವಕನೂ ಅದನ್ನು ಜೋಡಿಸಿ, ರಸ್ತೆಯ ಮೇಲೆಯೇ ಓಡಿಸಿಕೊಂಡು ಪಂದ್ಯಕ್ಕೆ ಹೋಗಿ, ಅದರಲ್ಲಿಯೇ ಮನೆಗೆ ಮರಳುವುದು ಸಾಧ್ಯವಾಯಿತು. 1973ರಿಂದ ಕೇಟರ್‌ಹ್ಯಾಮ್ ಸಂಸ್ಥೆ ಅದೇ ಕಾರಿನ ಪರಂಪರೆಯನ್ನು ಮುಂದುವರಿಸುತ್ತ ಬಂದಿದೆ. ಆದರೆ ಆ ಕಾರಿಗೆ ನೆಟ್ಟಗೆ ಬಾಗಿಲಿಲ್ಲ, ಮಳೆಗೆ ಆಸರೆಯಿಲ್ಲ, ಸಾಮಾನಿಗೆ ಸ್ಥಳವಿಲ್ಲ. ನಿತ್ಯೋಪಯೋಗಕ್ಕೆ ಅದು ತಪಸ್ಸಿನ ಸಾಧನವೇ ಸರಿ.

ಈ ಕೊರತೆಯನ್ನು ನೀಗಿಸಿ ಹಗುರ ಕಾರಿನ ಸಂತೋಷವನ್ನು ಉಳಿಸಿಕೊಂಡ ವಾಹನವೆಂದರೆ ಜಪಾನಿನ ಮಾಜ್ದಾ ಸಂಸ್ಥೆಯ ಎಂ.ಎಕ್ಸ್.-5. 1989ರ ಫೆಬ್ರವರಿಯಲ್ಲಿ ಅಮೆರಿಕದ ಶಿಕಾಗೋ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಅಮೆರಿಕದಲ್ಲಿ ಅದನ್ನು ಮಿಯಾಟಾ ಎಂದು ಕರೆದರು. ಪ್ರಾಚೀನ ಜರ್ಮನ್ ಭಾಷೆಯಲ್ಲಿ ಪಾರಿತೋಷಕ ಎಂಬರ್ಥದ ಶಬ್ದದಿಂದ ಆ ಹೆಸರು ಬಂದಿತೆನ್ನುತ್ತಾರೆ. 1.6 ಲೀಟರಿನ ಎಂಜಿನ್, ಒಂದು ಟನ್ನಿಗೂ ಕಡಿಮೆ ತೂಕ. ಅದನ್ನು ನಿರ್ಮಿಸಿದವರು ಮುಂದಿಟ್ಟುಕೊಂಡ ಆದರ್ಶವು ಜಿನ್‌ಬಾ ಇತ್ತಾಯ್, ಅಂದರೆ ಸವಾರ ಮತ್ತು ಕುದುರೆ ಒಂದೇ ದೇಹವಾಗುವುದು. ಅಶ್ವಹೃದಯವನ್ನು ಬಲ್ಲ ನಳನು ಬಾಹುಕನ ವೇಷದಲ್ಲಿ ಋತುಪರ್ಣನ ರಥವನ್ನು ನಡೆಸಿದ ಕಥೆಯನ್ನು ಬಲ್ಲ ನಮಗೆ ಈ ಭಾವ ಅಪರಿಚಿತವಲ್ಲ. 2016ರ ವೇಳೆಗೆ ಈ ಕಾರಿನ ಹತ್ತು ಲಕ್ಷದ ಪ್ರತಿ ಸಿದ್ಧವಾಯಿತು. ಮಾಳಿಗೆ ತೆರೆಯುವ ಎರಡು ಆಸನದ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೊಂದಿಲ್ಲ.

2012ರಲ್ಲಿ ಟೊಯೊಟಾ ಮತ್ತು ಸುಬಾರು ಸಂಸ್ಥೆಗಳು ಕೂಡಿ 86 ಹಾಗೂ ಬಿ.ಆರ್.ಝಡ್. ಎಂಬ ಅವಳಿ ಕಾರುಗಳನ್ನು ತಂದವು. ಇವುಗಳಲ್ಲಿ ಒಂದು ವಿಚಿತ್ರವಿತ್ತು. ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಅವರ ನೇತೃತ್ವದಲ್ಲಿ, ಟೊಯೊಟಾದ ಮಿತವ್ಯಯಿ ಕುಟುಂಬವಾಹನವಾದ ಪ್ರಿಯಸ್‌ಗೂ ಹಾಕುತ್ತಿದ್ದ ಜಾತಿಯ ಟಯರನ್ನೇ ಇವಕ್ಕೆ ಬುದ್ಧಿಪೂರ್ವಕವಾಗಿ ಹಾಕಿದರು. ಹಿಡಿತ ಕಡಿಮೆಯಿದ್ದರೆ ಕಡಿಮೆ ವೇಗದಲ್ಲಿಯೇ ಕಾರಿನ ಸ್ವಭಾವ ಚಾಲಕನಿಗೆ ತಿಳಿಯುತ್ತದೆ; ಅವನು ಕಲಿಯುತ್ತಾನೆ ಎಂಬುದು ಅವರ ತರ್ಕ. ಇದೇ ಕಾರನ್ನು ಟ್ರ್ಯಾಕಿಗೆ ಒಯ್ದವರು, ಕಾರ್ಖಾನೆಯು ಇನ್ನಷ್ಟು ಉತ್ತಮ ಟಯರನ್ನೂ ಬ್ರೇಕನ್ನೂ ಏಕೆ ಕೊಡಲಿಲ್ಲವೆಂದು ಕೇಳಿದರು. ವಿವಾದದ ಬೀಜ ಇಲ್ಲಿದೆ.

ಪೂರ್ವಪಕ್ಷ: ಸಿದ್ಧವಾಗಿಯೇ ಬರಬೇಕು

ಪೂರ್ವಪಕ್ಷದವರ ವಾದವನ್ನು ಅರಿಯಬೇಕಾದರೆ ಓಟದ ಪಥವು ಕಾರಿಗೆ ಕೊಡುವ ಶ್ರಮ ಎಂಥದೆಂಬುದನ್ನು ಮೊದಲು ಅರಿಯಬೇಕು.

ಬ್ರೇಕು ಎಂಬುದು ಚಲನೆಯನ್ನು ನಾಶಮಾಡುವ ಸಾಧನವಲ್ಲ. ಚಲನೆಯನ್ನು ಶಾಖವಾಗಿ ಪರಿವರ್ತಿಸುವ ಸಾಧನ. ಚಳಿಯಲ್ಲಿ ಅಂಗೈಗಳನ್ನು ಉಜ್ಜಿದಾಗ ಬಿಸಿಯಾಗುವುದೂ ಇದೇ ನ್ಯಾಯದಿಂದ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ಒಂದು ಸಾವಿರ ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಪೂರ್ಣ ನಿಂತಾಗ ಸುಮಾರು 139 ಕಿಲೋಜೂಲ್ ಶಾಖ ಹುಟ್ಟುತ್ತದೆ. ಅದೇ ಕಾರು 160ರಿಂದ 80ಕ್ಕೆ ಇಳಿಯುವಾಗ ಹುಟ್ಟುವುದು ಸುಮಾರು 740 ಕಿಲೋಜೂಲ್. ಎರಡು ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ಪ್ರತಿ ಸುತ್ತಿನಲ್ಲಿ ಇಂಥ ಐದು ತಿರುವುಗಳಿದ್ದು, ಸರದಿಯೊಂದರಲ್ಲಿ ಹತ್ತು ಸುತ್ತು ಹಾಕಿದರೆ, ಸ್ನಾನದ ಮನೆಯ ದೊಡ್ಡ ಹಂಡೆಯ ನೂರು ಲೀಟರ್ ನೀರನ್ನು ಕಾಯಿಸುವಷ್ಟು ಶಾಖವು ಇಪ್ಪತ್ತು ನಿಮಿಷದಲ್ಲಿ ನಾಲ್ಕು ಕಬ್ಬಿಣದ ಬಿಲ್ಲೆಗಳ ಮೂಲಕ ಹೊರಹೋಗಬೇಕು.

ಹೋಗದೆ ಉಳಿದರೆ ಅನರ್ಥ ಎರಡು ಬಗೆಯಲ್ಲಿ ಬರುತ್ತದೆ. ಮೊದಲನೆಯದಾಗಿ, ಬಿಲ್ಲೆಯನ್ನು ಒತ್ತುವ ಪ್ಯಾಡುಗಳು ಅತಿಯಾಗಿ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಎರಡನೆಯದಾಗಿ, ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ದ್ರವವೇ ಕುದಿಯತೊಡಗುತ್ತದೆ. ಸಾಮಾನ್ಯವಾಗಿ ಬಳಸುವ ಡಾಟ್-4 ದರ್ಜೆಯ ದ್ರವವು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಆದರೆ ಈ ದ್ರವ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಹಳತಾಗಿ ನೀರು ಸೇರಿದಾಗ ಅದರ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದು ಆವಿಯ ಗುಳ್ಳೆಗಳಾದರೆ, ಪೆಡಲನ್ನು ಒತ್ತಿದಾಗ ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡ ಚಕ್ರವನ್ನು ಮುಟ್ಟುವುದಿಲ್ಲ. ಕಾಲು ನೆಲಕ್ಕೆ ತಾಗುತ್ತದೆ, ಕಾರು ನಿಲ್ಲುವುದಿಲ್ಲ.

ಎಂಜಿನ್ನಿನ ಆಯಿಲಿನದೂ ಇಂಥದೇ ಕಷ್ಟ. ತುಂಬಿದ ಕೊಡವನ್ನು ಗಾಡಿಯಲ್ಲಿಟ್ಟು ಥಟ್ಟನೆ ತಿರುಗಿಸಿದರೆ ನೀರು ಒಂದು ಮಗ್ಗುಲಿಗೆ ಏರುವುದನ್ನು ಎಲ್ಲರೂ ಕಂಡಿದ್ದಾರೆ. ತಿರುವಿನಲ್ಲಿ ಪಕ್ಕಕ್ಕೆ ಎಳೆಯುವ ಬಲವು ಭೂಮಿಯ ಆಕರ್ಷಣೆಗೆ ಸಮನಾದಾಗ ದ್ರವದ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಅಂಟುಗುಣವುಳ್ಳ ಟಯರು ಹಾಕಿದ ಹಗುರ ಕಾರು ಪಥದ ಮೇಲೆ ಈ ಸ್ಥಿತಿಯನ್ನು ಸುಲಭವಾಗಿ ಮುಟ್ಟುತ್ತದೆ. ಆಗ ತಳದ ತೊಟ್ಟಿಯ ಆಯಿಲು ಒಂದು ಮಗ್ಗುಲಿಗೆ ಸರಿದು, ಹೀರುವ ಕೊಳವೆಯ ಬಾಯಿ ಬರಿದಾಗಿ, ಎಂಜಿನ್ನಿನ ಒಳಾಂಗಗಳು ಕ್ಷಣಕಾಲ ಒಣಗಿ ತಿರುಗುತ್ತವೆ. ಎರಡನೆಯ ಪೀಳಿಗೆಯ ಟೊಯೊಟಾ ಜಿ.ಆರ್.86 ಕಾರಿನಲ್ಲಿ ಬಲಕ್ಕೆ ಹೊರಳುವ ದೀರ್ಘ ತಿರುವುಗಳಲ್ಲಿ ಆಯಿಲಿನ ಒತ್ತಡ ಇಳಿಯುವುದನ್ನು ಅಮೆರಿಕದ ಕೆಲವು ಹವ್ಯಾಸಿಗಳು ಮಾಪಕವಿಟ್ಟು ಅಳೆದು ತೋರಿಸಿದ್ದಾರೆ.

ಪೂರ್ವಪಕ್ಷದವರು ಹೇಳುವುದು ಇಷ್ಟು: ಸ್ಪೋರ್ಟ್ಸ್ ಕಾರೆಂದು ಹೆಸರಿಟ್ಟು, ಓಟದ ಪಥದ ಮೇಲೆ ಅದು ಚಿಮ್ಮುವ ಚಿತ್ರಗಳಿಂದ ಜಾಹೀರಾತು ಮಾಡಿ, ಅದೇ ಪಥದ ಶ್ರಮವನ್ನು ತಡೆಯಲಾರದ ಬ್ರೇಕನ್ನೂ ತೊಟ್ಟಿಯನ್ನೂ ಕೊಡುವುದು ನ್ಯಾಯವಲ್ಲ. ಧನಿಕನು ಪೋರ್ಷೆ 911 ಜಿ.ಟಿ.3 ಕೊಂಡರೆ ಎಲ್ಲವೂ ಸಿದ್ಧವಾಗಿಯೇ ದೊರೆಯುತ್ತದೆ. ಬಡವನಾದವನು ಕಾರು ಕೊಂಡ ಮೇಲೆ ಟಯರು, ಪ್ಯಾಡು, ದ್ರವ, ಆಯಿಲ್ ಕೂಲರ್ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಕೊಂಡು ಹೆಚ್ಚು ಹಣ ತೆರುತ್ತಾನೆ. ಕಾರ್ಖಾನೆಯವರು ಸಾವಿರಗಟ್ಟಲೆ ಒಟ್ಟಿಗೆ ಕೊಳ್ಳುವುದರಿಂದ ಅದೇ ಭಾಗಗಳು ಅವರಿಗೆ ಅಗ್ಗವಾಗಿ ದೊರೆಯುತ್ತವೆ. ಅವರೇ ಪರೀಕ್ಷಿಸಿ ಜೋಡಿಸಿದರೆ ಸುರಕ್ಷತೆಯೂ ಹೆಚ್ಚು. ಅನುಭವವಿಲ್ಲದವನು ತನ್ನ ಕೈಯಾರೆ ಬ್ರೇಕನ್ನು ಬದಲಾಯಿಸಿಕೊಳ್ಳುವುದಕ್ಕಿಂತ ಇದು ಮೇಲಲ್ಲವೇ?

ಈ ವಾದ ತಳ್ಳಿಹಾಕುವಂಥದಲ್ಲ.

ಉತ್ತರಪಕ್ಷ: ಪಥದ ಗುಣವೇ ರಸ್ತೆಯ ದೋಷ

ಆದರೆ ಉತ್ತರಪಕ್ಷದವರ ಬಳಿ ಅಷ್ಟೇ ಬಲವಾದ ಪ್ರಮಾಣಗಳಿವೆ. ಪಥಕ್ಕೆ ಹಿತವಾದ ವಸ್ತು ರಸ್ತೆಗೆ ಕೇವಲ ಅನಾವಶ್ಯಕವಾಗಿದ್ದರೆ ತೊಂದರೆಯಿರಲಿಲ್ಲ. ಅದು ಹಲವು ಸಂದರ್ಭಗಳಲ್ಲಿ ಅಪಾಯಕಾರಿಯೂ ಆಗಿದೆ.

ಓಟದ ಬ್ರೇಕ್ ಪ್ಯಾಡನ್ನೇ ತೆಗೆದುಕೊಳ್ಳೋಣ. ಅದು ನೂರಾರು ಡಿಗ್ರಿ ಶಾಖದಲ್ಲಿ ಗಟ್ಟಿಯಾಗಿ ಹಿಡಿಯುವಂತೆ ಮಾಡಿದ ಮಿಶ್ರಣ. ಬೆಳಗಿನ ತಂಪಿನಲ್ಲಿ ಮನೆಯಿಂದ ಹೊರಟು, ಮೊದಲ ತಿರುವಿನಲ್ಲಿಯೇ ಮಗುವೊಂದು ಅಡ್ಡ ಬಂದರೆ, ತಣ್ಣಗಿರುವ ಆ ಪ್ಯಾಡು ಸಾಮಾನ್ಯ ಪ್ಯಾಡಿನಷ್ಟು ಬೇಗ ಹಿಡಿಯಲಾರದು. ಮೇಲಾಗಿ ಕಿರುಗುಟ್ಟುತ್ತದೆ, ಬಿಲ್ಲೆಯನ್ನು ಸವೆಸುತ್ತದೆ, ಚಕ್ರದ ತುಂಬ ಕರಿಪುಡಿ ಉದುರಿಸುತ್ತದೆ.

ಟಯರಿನ ವಿಷಯವೂ ಹೀಗೆಯೇ. ಪಥಕ್ಕೆಂದು ಮಾಡಿದ ಮೆದು ರಬ್ಬರಿನ ಟಯರಿನಲ್ಲಿ ಗೀರುಗಳು ಕಡಿಮೆ. ಒಣನೆಲದಲ್ಲಿ ಅದರ ಹಿಡಿತ ಅಪೂರ್ವ. ಆದರೆ ಗೀರುಗಳಿರುವುದು ನೀರನ್ನು ಹೊರದೂಡುವುದಕ್ಕೆ. ಅವು ಕಡಿಮೆಯಾದಷ್ಟೂ ನಿಂತ ನೀರಿನ ಮೇಲೆ ಟಯರು ತೇಲತೊಡಗುತ್ತದೆ. ಮುಂಗಾರಿನ ರಸ್ತೆಯಲ್ಲಿ ಅದು ಶತ್ರು. ಬೇಗ ಸವೆಯುವುದರಿಂದ ಹಣವೂ ಬೇಗ ಸವೆಯುತ್ತದೆ. ತಿರುವಿನಲ್ಲಿ ಟಯರು ನೆಲಕ್ಕೆ ಸಪಾಟಾಗಿ ಕೂರಲೆಂದು ಚಕ್ರಗಳ ಮೇಲ್ಭಾಗವನ್ನು ಒಳಕ್ಕೆ ವಾಲಿಸುವ ಕ್ರಮವಿದೆ. ಪಥದಲ್ಲಿ ಅದು ಟಯರನ್ನು ಉಳಿಸುತ್ತದೆ, ನೇರ ಹೆದ್ದಾರಿಯಲ್ಲಿ ಅದೇ ಓರೆಯು ಟಯರಿನ ಒಳ ಅಂಚನ್ನು ತಿನ್ನುತ್ತದೆ. ಗಡುಸಾದ ಸ್ಪ್ರಿಂಗುಗಳು ನುಣುಪಾದ ಪಥದಲ್ಲಿ ಕಾರನ್ನು ಸ್ಥಿರವಾಗಿಡುತ್ತವೆ. ಹೊಂಡ ಬಿದ್ದ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಜಿಗಿಯುವಂತೆ ಮಾಡಿ, ಇರುವ ಹಿಡಿತವನ್ನೂ ಕಳೆಯುತ್ತವೆ.

ಎಲ್ಲಕ್ಕಿಂತ ಮಿಗಿಲಾದ ಉದಾಹರಣೆ ರೋಲ್ ಕೇಜ್. ಕಾರು ಮಗುಚಿದಾಗ ಮಾಳಿಗೆ ಕುಸಿಯದಂತೆ ಒಳಗೆ ಕಟ್ಟುವ ಉಕ್ಕಿನ ಕೊಳವೆಗಳ ಪಂಜರವದು. ಪಂದ್ಯದಲ್ಲಿ ಎಷ್ಟೋ ಜೀವಗಳನ್ನು ಅದು ಉಳಿಸಿದೆ. ಆದರೆ ಪಂದ್ಯದ ಚಾಲಕನ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ಆರು ಕಡೆ ಬಿಗಿದ ಪಟ್ಟಿಗಳು ಅವನನ್ನು ಆಸನಕ್ಕೆ ಕಟ್ಟಿರುತ್ತವೆ. ಕುತ್ತಿಗೆಯನ್ನು ಕಾಯುವ ಉಪಕರಣವೂ ಇರುತ್ತದೆ. ಇವಾವುವೂ ಇಲ್ಲದೆ ನಿತ್ಯದ ಉಡುಪಿನಲ್ಲಿ ಕುಳಿತವನಿಗೆ ಸಣ್ಣ ಅಪಘಾತದಲ್ಲಿಯೂ ತಲೆ ಆ ಉಕ್ಕಿನ ಕೊಳವೆಗೇ ಬಡಿಯುತ್ತದೆ. ಪಂದ್ಯದಲ್ಲಿ ಪ್ರಾಣ ಕಾಯುವುದು ಪೇಟೆಯಲ್ಲಿ ಪ್ರಾಣ ತೆಗೆಯಬಲ್ಲದು. ಔಚಿತ್ಯತತ್ತ್ವಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ದೊರೆಯಲಾರದು.

ಇನ್ನು ಬೆಲೆಯ ಮಾತು. ಎಂ.ಎಕ್ಸ್.-5 ಅಮೆರಿಕದಲ್ಲಿ ಮೊದಲು ಬಂದಾಗ ಅದರ ಮೂಲಬೆಲೆ 13,800 ಡಾಲರು. ಆ ಬೆಲೆಯೇ ಅದರ ಕೀರ್ತಿಗೆ ಮುಖ್ಯ ಕಾರಣ. ಅದನ್ನು ಕೊಂಡ ಲಕ್ಷಾಂತರ ಜನರಲ್ಲಿ ಬಹುಮಂದಿ ಪಥದ ಮುಖವನ್ನೇ ನೋಡದವರು. ಸಂಜೆ ಮಾಳಿಗೆಯ ಬಟ್ಟೆಯನ್ನು ಮಡಿಸಿ ಊರಾಚೆ ಗಾಳಿ ಸೇವಿಸುವವರು. ಅವರೆಲ್ಲರಿಂದಲೂ ಪಥದ ಸಾಮಗ್ರಿಯ ಬೆಲೆಯನ್ನು ವಸೂಲು ಮಾಡಿದರೆ ಕಾರು ಅಗ್ಗವಾಗಿ ಉಳಿಯುವುದಿಲ್ಲ. ಅಗ್ಗವಾಗಿ ಉಳಿಯದಿದ್ದರೆ ಅಷ್ಟು ಜನ ಕೊಳ್ಳುವುದಿಲ್ಲ. ಅಷ್ಟು ಜನ ಕೊಳ್ಳದಿದ್ದರೆ ಕಾರ್ಖಾನೆ ಅದನ್ನು ಮಾಡುವುದಿಲ್ಲ. ಪಥಕ್ಕೆ ಹೋಗುವ ಕೆಲವರ ಕಾರು, ಪಥಕ್ಕೆ ಹೋಗದ ಹಲವರ ಹಣದಿಂದಲೇ ಅಗ್ಗವಾಗಿದೆ ಎಂಬುದನ್ನು ಪೂರ್ವಪಕ್ಷದವರು ಮರೆಯಬಾರದು.

ಸಿದ್ಧತೆ ಮತ್ತು ಸಹಿಷ್ಣುತೆ

ಎರಡು ಪಕ್ಷಗಳೂ ಸತ್ಯವನ್ನೇ ನುಡಿಯುತ್ತಿರುವಾಗ ವಿರೋಧವು ವಸ್ತುವಿನಲ್ಲಿಲ್ಲ, ಶಬ್ದದಲ್ಲಿದೆ ಎಂದು ಶಂಕಿಸಬೇಕು. ಇಲ್ಲಿಯೂ ಹಾಗೆಯೇ ಆಗಿದೆ. ಸಿದ್ಧತೆ ಬೇರೆ, ಸಹಿಷ್ಣುತೆ ಬೇರೆ. ಈ ಕ್ಷಣವೇ ಪಂದ್ಯಕ್ಕೆ ಇಳಿಯಬಲ್ಲದ್ದು ಸಿದ್ಧ. ಪಂದ್ಯದ ಶ್ರಮ ಬಂದಾಗ ಮುರಿಯದೆ ತಡೆಯಬಲ್ಲದ್ದು ಸಹಿಷ್ಣು. ಅಗ್ಗದ ಕಾರು ಸಿದ್ಧವಾಗಿರಬೇಕಾಗಿಲ್ಲ, ಆದರೆ ಸಹಿಷ್ಣುವಾಗಿರಲೇಬೇಕು. ನನ್ನ ಸಿದ್ಧಾಂತವು ಇದೇ.

ಯಾವುದು ಸಿದ್ಧತೆಗೆ ಸೇರಿದ್ದು, ಯಾವುದು ಸಹಿಷ್ಣುತೆಗೆ ಸೇರಿದ್ದು ಎಂಬುದನ್ನು ನಿರ್ಣಯಿಸಲು ಸುಲಭವಾದ ಒಂದು ಒರೆಗಲ್ಲಿದೆ. ನಮ್ಮ ಹಿಂದಿನವರು ಗುಣಗಳನ್ನು ಸಹಜ, ಆಹಾರ್ಯ ಎಂದು ಎರಡಾಗಿ ವಿಭಾಗಿಸುತ್ತಿದ್ದರು. ಹುಟ್ಟಿನೊಡನೆ ಬಂದದ್ದು ಸಹಜ, ಮೇಲೆ ತೊಟ್ಟದ್ದು ಆಹಾರ್ಯ. ಕರ್ಣನ ಕವಚ ಸಹಜ, ಮಿಕ್ಕ ವೀರರ ಕವಚಗಳು ಆಹಾರ್ಯ. ಟಯರು, ಪ್ಯಾಡು, ಬ್ರೇಕ್ ದ್ರವ ಇವು ಕಾರಿನ ಆಹಾರ್ಯಗಳು. ಸವೆಯುವುದು, ಬದಲಾಗುವುದು ಅವುಗಳ ಧರ್ಮ. ಬಲ್ಲ ಮೆಕ್ಯಾನಿಕ್ ಅರ್ಧ ದಿನದಲ್ಲಿ ಅವನ್ನು ಬದಲಿಸಬಲ್ಲನು. ಇವನ್ನು ರಸ್ತೆಗೆ ಒಪ್ಪುವಂತೆ ಕೊಟ್ಟರೆ ಕಾರ್ಖಾನೆಯನ್ನು ದೂರುವಂತಿಲ್ಲ. ಆದರೆ ಆಯಿಲಿನ ತೊಟ್ಟಿ, ಆಯಿಲು ಹೀರುವ ವ್ಯವಸ್ಥೆ, ನೀರಿನ ಮತ್ತು ಆಯಿಲಿನ ಶೈತ್ಯೀಕರಣ, ಬ್ರೇಕ್ ಬಿಲ್ಲೆಯ ಗಾತ್ರ, ಗೇರು ಪೆಟ್ಟಿಗೆಯ ಬಲ, ಹೆಲ್ಮೆಟ್ ಧರಿಸಿದವನ ತಲೆಗೆ ಎಡೆ ಇವು ಕಾರಿನ ಸಹಜಗಳು. ಕೊಂಡ ಮೇಲೆ ಅವನ್ನು ತಿದ್ದಬೇಕಾದರೆ ಎಂಜಿನ್ನನ್ನೇ ಕಳಚಬೇಕು. ಕೆಲವನ್ನು ತಿದ್ದಲು ಬರುವುದೇ ಇಲ್ಲ. ಇವುಗಳಲ್ಲಿ ಕೊರತೆ ಮಾಡಿ ಸ್ಪೋರ್ಟ್ಸ್ ಎಂಬ ಹೆಸರಿನಿಂದ ಮಾರುವುದು ಸಲ್ಲದು.

ಅನುಭವವುಳ್ಳ ಸಂಸ್ಥೆಗಳು ಈಗಾಗಲೇ ಬಹುಮಟ್ಟಿಗೆ ಈ ದಾರಿಗೆ ಬಂದಿವೆ. ಎಂ.ಎಕ್ಸ್.-5ರ ಕ್ಲಬ್ ಎಂಬ ದರ್ಜೆಯನ್ನು ಆರಿಸಿಕೊಂಡವರಿಗೆ ಗಟ್ಟಿ ಶಾಕ್ ಅಬ್ಸಾರ್ಬರುಗಳೂ, ಎರಡು ಹಿಂಚಕ್ರಗಳಿಗೂ ಬಲವನ್ನು ಹದವಾಗಿ ಹಂಚುವ ಡಿಫರೆನ್ಷಿಯಲ್ಲೂ ಕಾರ್ಖಾನೆಯಿಂದಲೇ ಬಂದವು. ಬ್ರೆಂಬೊ ಬ್ರೇಕನ್ನು ಮೇಲುಹಣ ಕೊಟ್ಟು ಪಡೆಯಬಹುದಾಗಿತ್ತು. ಜಿ.ಆರ್.86ರ ಕೆಳದರ್ಜೆಗೆ ಸಾಮಾನ್ಯ ಟಯರನ್ನೂ ಮೇಲ್ದರ್ಜೆಗೆ ಹೆಚ್ಚು ಹಿಡಿತದ ಟಯರನ್ನೂ ಹಾಕಿದರು. ಇನ್ನು ನಿಜವಾಗಿ ಪಂದ್ಯಕ್ಕೆ ಇಳಿಯುವವನಿಗೆ ಪ್ರತ್ಯೇಕ ಕಾರೇ ಇದೆ. ಎಂ.ಎಕ್ಸ್.-5 ಕಪ್ ಪಂದ್ಯದ ಕಾರು ಹಿರೋಷಿಮಾದಲ್ಲಿ ಸಾಮಾನ್ಯ ಕಾರಾಗಿಯೇ ಹುಟ್ಟಿ, ಅಮೆರಿಕಕ್ಕೆ ಬಂದು, ಪೂರ್ತಿಯಾಗಿ ಕಳಚಲ್ಪಟ್ಟು, 250ಕ್ಕೂ ಮಿಕ್ಕ ಪಂದ್ಯದ ಭಾಗಗಳೊಡನೆ ಪುನರ್ಜನ್ಮ ಪಡೆಯುತ್ತದೆ. ಸಾಮಾನ್ಯ ಕಾರಿಗೂ ಸಿದ್ಧ ಕಾರಿಗೂ ಅಂತರವೆಷ್ಟೆಂಬುದಕ್ಕೆ ಈ ಒಂದು ಸಂಖ್ಯೆಯೇ ಸಾಕ್ಷಿ. ಒಂದು ಕಾರಿನಲ್ಲಿ ಎರಡನ್ನೂ ಪೂರ್ಣವಾಗಿ ತುಂಬುವುದು ಸಾಧ್ಯವಿಲ್ಲ.

ಕೊಟ್ಟ ಮಾತು

ಲೋಹದಷ್ಟೇ ಮುಖ್ಯವಾದ ಇನ್ನೊಂದು ವಿಷಯವಿದೆ. ಅದು ವಾರಂಟಿ, ಅಂದರೆ ಮಾರಿದವನು ಕೊಟ್ಟ ಮಾತು. ಅಮೆರಿಕದಲ್ಲಿ ಹೊಸ ಜಿ.ಆರ್.86 ಕೊಂಡವನಿಗೆ ಹವ್ಯಾಸಿ ಮೋಟಾರು ಸಂಘವೊಂದರ ಒಂದು ವರ್ಷದ ಸದಸ್ಯತ್ವವನ್ನೂ, ಪಥದ ಮೇಲೆ ಓಡಿಸಿ ಕಲಿಯುವ ಒಂದು ದಿನದ ಅವಕಾಶವನ್ನೂ ಸಂಸ್ಥೆಯೇ ಉಚಿತವಾಗಿ ಕೊಡುತ್ತ ಬಂದಿತು. ಪಥಕ್ಕೆ ಬನ್ನಿರೆಂದು ಕೈಹಿಡಿದು ಕರೆದಂತಾಯಿತು. ಆದರೆ 2022ರಲ್ಲಿ ಎಂಜಿನ್ ಕೆಟ್ಟ ಒಬ್ಬ ಗ್ರಾಹಕನಿಗೆ, ಅವನು ಕಾರನ್ನು ಜಾರಿಸಿ ಓಡಿಸಿದ ಚಿತ್ರವನ್ನು ಕಾರಣವಾಗಿಟ್ಟು ವಾರಂಟಿಯನ್ನು ಮೊದಲು ನಿರಾಕರಿಸಲಾಯಿತು. ಸುದ್ದಿ ಹಬ್ಬಿ ಗದ್ದಲವಾದ ಮೇಲೆ ಒಪ್ಪಿಕೊಳ್ಳಲಾಯಿತು. ಜಾಹೀರಾತಿನ ನಾಲಗೆ ಒಂದು, ಕರಾರುಪತ್ರದ ನಾಲಗೆ ಇನ್ನೊಂದು ಆಗಬಾರದೆಂಬುದಕ್ಕೆ ಈ ಪ್ರಸಂಗ ಪಾಠವಾಗಿದೆ.

ಇದಕ್ಕೆ ಪ್ರತಿಯಾಗಿ ಕೊರಿಯಾದ ಹುಂಡೈ ಸಂಸ್ಥೆ ಆಸ್ಟ್ರೇಲಿಯಾದಲ್ಲಿ ತನ್ನ ಎನ್ ವರ್ಗದ ಕಾರುಗಳಿಗೆ, ಪಂದ್ಯವಲ್ಲದ ಹಾಗೂ ಹೊತ್ತು ಅಳೆಯದ ಪಥದ ಓಟಕ್ಕೂ ವಾರಂಟಿ ಸಲ್ಲುತ್ತದೆಂದು ಬಾಯಿಬಿಟ್ಟು ಹೇಳಿತು. ಆ ಕಾರುಗಳು ಬಹಳ ಬೆಲೆಯವಲ್ಲ. ಕುಟುಂಬದ ಕಾರಿನ ವಂಶದವೇ. ಅಗ್ಗದ ಕಾರಿನಲ್ಲಿ ಸಹಿಷ್ಣುತೆಯನ್ನು ತುಂಬಲು ಸಾಧ್ಯ, ತುಂಬಿದ ಮೇಲೆ ಅದಕ್ಕೆ ಹೊಣೆಯಾಗಲೂ ಸಾಧ್ಯ ಎಂಬುದು ಇದರಿಂದ ಸಿದ್ಧವಾಯಿತು. ಪಥದ ಮೇಲೆ ಇದು ತಡೆಯುತ್ತದೆ, ಇದು ತಡೆಯುವುದಿಲ್ಲ ಎಂದು ಎರಡು ಸಾಲು ಸ್ಪಷ್ಟವಾಗಿ ಬರೆದರೆ, ಎರಡು ಸಾವಿರ ಡಾಲರಿನ ಬ್ರೇಕಿಗಿಂತ ಅದು ಹೆಚ್ಚು ಉಪಕಾರಿ.

ನಮ್ಮ ನಾಡಿನ ಯುವಕರಿಗೆ

ಈ ಚರ್ಚೆಯ ಕಾರುಗಳು ಬಹುಮಟ್ಟಿಗೆ ಪರದೇಶದ ಮಾರುಕಟ್ಟೆಯವು. ಆದರೂ ಇದರ ತಾತ್ಪರ್ಯ ನಮಗೆ ದೂರದ್ದಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 1990ರಿಂದ ಓಟದ ಪಥವಿದೆ. ಕೊಯಮತ್ತೂರಿನಲ್ಲಿ ಕರಿ ಪಥವಿದೆ. 2011ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಬುದ್ಧ ಪಥವು ಆರಂಭವಾಗಿ ಮೂರು ವರ್ಷ ಫಾರ್ಮುಲಾ ಒನ್ ಪಂದ್ಯವೂ ಅಲ್ಲಿ ನಡೆಯಿತು. ಸಾಮಾನ್ಯ ಕಾರುಗಳಲ್ಲಿಯೇ ಇಂಥ ಪಥಗಳಿಗೆ ಹೋಗಿ ಕಲಿಯುವ ಉತ್ಸಾಹಿಗಳು ನಮ್ಮಲ್ಲಿಯೂ ಇದ್ದಾರೆ. ಅವರು ತಿಳಿದಿರಬೇಕಾದ ಒಂದು ಸಂಗತಿಯುಂಟು: ನಮ್ಮ ದೇಶದ ಮೋಟಾರು ವಿಮಾಪತ್ರದಲ್ಲಿ ಉಪಯೋಗದ ಮಿತಿಗಳು ಎಂಬ ಶೀರ್ಷಿಕೆಯ ಕೆಳಗೆ, ವ್ಯವಸ್ಥಿತ ಪಂದ್ಯ, ವೇಗಪರೀಕ್ಷೆ ಮೊದಲಾದವಕ್ಕೆ ಬಳಸಿದಾಗ ವಿಮೆ ಸಲ್ಲದೆಂದು ಸಣ್ಣ ಅಕ್ಷರದಲ್ಲಿ ಮುದ್ರಿತವಾಗಿರುತ್ತದೆ. ಪಥಕ್ಕೆ ಹೋಗುವ ಮುನ್ನ ಆ ಪುಟವನ್ನೂ ವಾರಂಟಿಯ ಪುಟವನ್ನೂ ಕಣ್ಣಿಟ್ಟು ಓದುವುದು, ಬ್ರೇಕ್ ದ್ರವವನ್ನು ಹೊಸದಾಗಿ ತುಂಬಿಸುವುದು, ಬಲ್ಲವರ ಪಕ್ಕದಲ್ಲಿ ಕುಳಿತು ಕಲಿಯುವುದು, ಈ ಮೂರೂ ದುಬಾರಿಯಲ್ಲ.

ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಆ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚಿನವು ಅತಿವೇಗದ ಲೆಕ್ಕಕ್ಕೆ ಸೇರಿದವು. ಇವರಲ್ಲಿ ಎಷ್ಟೋ ಮಂದಿ ನಮ್ಮ ತರಗತಿಗಳಲ್ಲಿ ಕುಳಿತುಕೊಳ್ಳುವಂಥ ಮಕ್ಕಳ ಅಣ್ಣಂದಿರು, ತಂದೆಯರು. ವೇಗದ ಆಸೆ ಯೌವನದಲ್ಲಿ ಹುಟ್ಟುವುದು ಸ್ವಾಭಾವಿಕ. ಅದನ್ನು ಬೈದು ಅಡಗಿಸಲು ಬರುವುದಿಲ್ಲ. ಅದಕ್ಕೊಂದು ಉಚಿತ ಸ್ಥಾನವನ್ನು ತೋರಿಸಬಹುದು. ಪಥವೇ ಆ ಸ್ಥಾನ. ಕಾರ್ಖಾನೆಯು ಪಥಕ್ಕೆ ಪೂರ್ಣ ಸಿದ್ಧವಾದ ಕಾರನ್ನು ಅಗ್ಗವಾಗಿ ರಸ್ತೆಗೆ ಬಿಟ್ಟರೆ, ಕೊಂಡವನು ಪಥವನ್ನು ಹುಡುಕಿಕೊಂಡು ಹೋಗದೆ ರಸ್ತೆಯನ್ನೇ ಪಥವೆಂದು ಭಾವಿಸುವ ಅಪಾಯವುಂಟು. ಟಯರು ಬದಲಿಸಿ, ಪ್ಯಾಡು ಬದಲಿಸಿ, ಹೆಲ್ಮೆಟ್ ತೊಟ್ಟು ಹೊರಡುವ ಸಣ್ಣ ಶ್ರಮದಲ್ಲಿ ಒಂದು ಸಂಸ್ಕಾರವಿದೆ. ಇದು ಬೇರೆ ನೆಲ, ಇಲ್ಲಿನ ಧರ್ಮ ಬೇರೆ ಎಂಬ ಎಚ್ಚರವನ್ನು ಅದು ಮೂಡಿಸುತ್ತದೆ.

ಉಪಸಂಹಾರ

ಮೇಲಿನ ವಿಚಾರದ ಸಾರಾಂಶವನ್ನು ಹೀಗೆ ಸಂಗ್ರಹಿಸಬಹುದು. ಕಾರಿನ ಸಹಜ ಅಂಗಗಳು ಪಥದ ಶ್ರಮವನ್ನು ತಡೆಯುವಂತೆ ಕಾರ್ಖಾನೆಯಲ್ಲಿಯೇ ರೂಪುಗೊಳ್ಳಬೇಕು. ಅದು ತಯಾರಕನ ಧರ್ಮ. ಆಹಾರ್ಯ ಅಂಗಗಳನ್ನು ರಸ್ತೆಗೆ ಒಪ್ಪುವಂತೆ ಕೊಟ್ಟು, ಬೇಕಾದವನಿಗೆ ಬೇರೆಯದನ್ನು ನ್ಯಾಯವಾದ ಬೆಲೆಗೆ ಒದಗಿಸಬೇಕು. ಅದು ವ್ಯಾಪಾರದ ಧರ್ಮ. ಏನು ತಡೆಯುತ್ತದೆ, ಏನು ತಡೆಯದು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಅದು ಮಾತಿನ ಧರ್ಮ. ಕೊಂಡವನು ಪಥವನ್ನು ಪಥವೆಂದೂ ರಸ್ತೆಯನ್ನು ರಸ್ತೆಯೆಂದೂ ಅರಿತು ನಡೆಯಬೇಕು. ಅದು ಚಾಲಕನ ಧರ್ಮ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಮಿಕ್ಕ ಮೂರು ನಿಲ್ಲುವುದಿಲ್ಲ.

ನಮ್ಮ ಶಾಲೆಯಿಂದ ಹೋದವರಲ್ಲಿ ಯಾರಾದರೊಬ್ಬರು ಮುಂದೆ ಇಂಥ ಕಾರಿನ ನಕ್ಷೆಯ ಮುಂದೆ ಕುಳಿತುಕೊಳ್ಳಬಹುದು. ಖರ್ಚು ಇಳಿಸಬೇಕೆಂಬ ಒತ್ತಾಯ ಮೇಲಿನಿಂದ ಬಂದೇ ಬರುತ್ತದೆ. ಆಗ ಅವರು ಟಯರಿನಲ್ಲಿ ಇಳಿಸಲಿ, ಆಸನದ ಹೊದಿಕೆಯಲ್ಲಿ ಇಳಿಸಲಿ. ಕಣ್ಣಿಗೆ ಕಾಣದ ಆಯಿಲಿನ ತೊಟ್ಟಿಯಲ್ಲಿ ಇಳಿಸದಿರಲಿ.